ಫ್ರೀಜರಿನಲ್ಲಿದ್ದ ಬಳಚು

ವಿಮಾನಪುರ, ಬೆಂಗಳೂರು
೧೪-೯-೨೦೦೪, ಮಂಗಳವಾರ

ಚಿ. ಗಗನಾಳಿಗೆ ಅಮ್ಮನ ಆಶೀರ್ವಾದಗಳು.

ಈ ಕಾಲೊನಿಯಲ್ಲಿ ನಾನು ಯಾರೆಂದು ನಿನಗೆ ಹೇಳಬೇಕಾಗಿಲ್ಲ. ದಿವಂಗತ ಫೋರ್‌ಮನ್ ವೆಂಕಟಾಚಲ ಅವರ ಪತ್ನಿ, ಹದಿನೆಂಟು ವರ್ಷದಿಂದ ಮಹಿಳಾ ಸಮಾಜದ ಅಧ್ಯಕ್ಷೆ. ಈರುಳ್ಳಿ ಕೂಡ ನನ್ನ ಹೊಸ್ತಿಲು ದಾಟಿಲ್ಲವೆಂದು ಎಲ್ಲರಿಗೂ ಗೊತ್ತು. ಅಂಥ ಮನೆಯ ಫ್ರೀಜರಿನಲ್ಲಿ ನೀನು ಶುಕ್ರವಾರ ಬಳಚು ಎಂಬ ಚಿಪ್ಪುಜೀವಿಯ ಮಾಂಸದ ಡಬ್ಬಿ ಇಟ್ಟು ಹೋದೆ. ಸೋಮವಾರ ಲ್ಯಾಬ್ ತೆರೆದ ಮೇಲೆ ಸ್ನೇಹಿತೆ ಬಂದು ಒಯ್ಯುತ್ತಾಳೆ, ಅಲ್ಲಿಯವರೆಗೆ ಕರಗಬಾರದು ಎಂದೆ.

ಒಳಹೊಕ್ಕ ವಿಷವನ್ನು ಕಳೆಯುವ ಕಿಣ್ವ ಬಳಚಿನಲ್ಲೂ ಉಂಟು, ಅದನ್ನು ಮಾಡಿಸುವ ಜೀನ್ ಎಷ್ಟು ಜೋರಾಗಿ ದುಡಿಯುತ್ತಿದೆ ಎಂದು ನೋಡಿದರೆ ನೀರು ಎಷ್ಟು ಕೆಟ್ಟಿದೆ ತಿಳಿಯುತ್ತದೆ ಎಂದೆಯಲ್ಲ. ಹಿತ್ತಿಲಲ್ಲಿ ಪಾತ್ರೆ ತಿಕ್ಕುವ ಸದ್ದು ನಿಲ್ಲದಿದ್ದರೆ ಒಳಗೆ ಎಷ್ಟು ಊಟದೆಲೆ ಬಿದ್ದಿವೆ ಎಂದು ತಿಳಿಯುವ ಹಾಗೆ. ಎಸ್ಸೆಸ್ಸೆಲ್ಸಿ ಓದಿದ ನನಗೂ ಅಷ್ಟು ಅರ್ಥವಾಯಿತು.

ಭಾನುವಾರ ಒಬ್ಬ ಬಂದ. ಇಸ್ತ್ರಿ ಮಾಡಿದ ಶರ್ಟು, ಕೈಯಲ್ಲಿ ಸಿಹಿಯ ಪೊಟ್ಟಣ. ನೀನು ಬಳಚು ಹೆಕ್ಕುವ ಅಳಿವೆಗೆ ಕೊಳಕು ನೀರು ಬಿಡುವ ಕಾರ್ಖಾನೆಯವನೆಂದು ಮುಚ್ಚಿಡಲೂ ಇಲ್ಲ. ಬಸ್ಸಿನಲ್ಲಿ ನಿನ್ನ ಹಿಂದೆಯೇ ಬಂದವರಿದ್ದರಂತೆ. "ಡಬ್ಬಿ ಕೊಟ್ಬಿಡಿ ಅಮ್ಮ, ನಿಮ್ಮಂಥೋರ ಮನೇಲಿ ಇಂಥದ್ದು ಯಾಕೆ?" ಎಂದ. ಆಮೇಲೆ ನಗುತ್ತಲೇ, "ಮಗಳು ದಿನಾ ಒಬ್ರೇ ನೀರಿಗಿಳೀತಾರೆ, ಹುಷಾರು ಅಂತ ಹೇಳಿ" ಎಂದ.

ಆ ಮಾತಿನ ಅರ್ಥ ನನಗೆ ತಿಳಿಯಿತು. ಆದರೂ, "ನನ್ನ ಮನೇಲಿ ಮಾಂಸಾನಾ? ಅವಳು ಬಸ್ ಹತ್ತಿದ ತಕ್ಷಣ ಮೋರಿಗೆ ಸುರಿದು ಫ್ರಿಜ್ ತೊಳೆದೆ. ನಾನೆಂಥವಳು ಅಂತ ಬೀದಿಯಲ್ಲಿ ಕೇಳ್ಕೊಂಡು ಹೋಗಿ" ಎಂದೆ. ಅವನು ಹೋಗಿ ಕೇಳಿಯೇ ಬಿಟ್ಟ. ಎದುರು ಮನೆಯ ಪೀರಮ್ಮ, "ಮೊಟ್ಟೆ ತಿಂದ್ ಬಾಯಲ್ಲಿ ಮಾತಾಡ್ಸಿದ್ರೂ ಆಯಮ್ಮ ಸ್ನಾನ ಮಾಡ್ತಾರೆ ಸಾರ್" ಎಂದಳಂತೆ. ಅವಳ ಹೊಟ್ಟೆಯುರಿ ಮೊದಲ ಸಲ ನನಗೆ ಉಪಕಾರ ಮಾಡಿತು.

ಅಂದಿನಿಂದ ಯಾರು ಬಾಗಿಲು ತಟ್ಟಿದರೂ ಕಿಟಕಿಯಿಂದ ನೋಡಿಯೇ ತೆರೆಯುತ್ತೇನೆ. ನಿನ್ನ ಸ್ನೇಹಿತೆಗಾಗಿ ಕಾಯಲಿಲ್ಲ. ನಿನ್ನೆ ದೇವರ ಹೂವಿನ ಬುಟ್ಟಿಯಲ್ಲೇ ಐಸ್ ತುಂಬಿ, ಡಬ್ಬಿ ಹೂತು, ಆಟೋ ಹತ್ತಿದೆ. "ಏನಮ್ಮ, ಹೂವಿನ ಬುಟ್ಟೀಲಿ ಮೀನ್ ವಾಸನೆ!" ಎಂದ ಆಟೋದ ಮುನಿರಾಜಪ್ಪ. ಮುಂದೆ ನೋಡಿ ಓಡಿಸಪ್ಪ ಎಂದೆ. ಲ್ಯಾಬಿನವರು ತೆರೆದು ನೋಡಿ, ಏನೂ ಕರಗಿಲ್ಲ ಎಂದರು. ರಿಜಿಸ್ಟರಿನಲ್ಲಿ ನನ್ನ ಹೆಸರು ಬರೆದು ಸಹಿ ಹಾಕಿದ್ದೇನೆ.

ಇವತ್ತು ನೀರಿಗಿಳಿಯಬೇಡ ಎಂದು ಫೋನಿನಲ್ಲಿ ಹೇಳಿದ್ದಕ್ಕೆ ಕಾರಣ ಇದು. ನಿನ್ನ ಅಣ್ಣ ಭಾರ್ಗವನಿಂದ ಒಂದು ತಿಂಗಳ ರಜೆ ಹಾಕಿಸಿದ್ದೇನೆ. ಈ ಕಾಗದ ತರುವವನೂ ಅವನೇ; ನೀನು ಇದನ್ನು ಓದುವಾಗ ಅವನು ನಿನ್ನೆದುರೇ ಕೂತಿರುತ್ತಾನೆ. ಕೆಲಸ ಮುಗಿಸಿಕೊಂಡು ಇಬ್ಬರೂ ಒಟ್ಟಿಗೆ ಬನ್ನಿ.

ನಿನ್ನ ತಾಯಿ,
ಸೀತಮ್ಮ

ತಾ.ಕ.: ಆ ಕಾರ್ಖಾನೆಯವನು ಕಾರು ಹತ್ತಿ ಹೊರಟ ಮೇಲೆ ನಾನು ಡಬ್ಬಿ ಎತ್ತಿಕೊಂಡು ಬೀದಿಯ ತಿರುವಿನವರೆಗೂ ಓಡಿದ್ದೆ. "ತಗೊಂಡ್ಹೋಗಿ, ನನ್ನ ಮಗಳನ್ನ ಬಿಟ್ಬಿಡಿ" ಎಂದು ಕೂಗಿದೆ. ಕಾರು ನಿಲ್ಲಲಿಲ್ಲ, ಅವನಿಗೆ ಕೇಳಿಸಲಿಲ್ಲ. ಭಾರ್ಗವನಿಗೆ ಇದನ್ನು ಹೇಳಬೇಡ.