ಹದಿನೇಳನೆಯ ಮುದುಕಿ

ಪೋತ್ನಾಳ
೨೭ ಜುಲೈ ೨೦೨೫, ಭಾನುವಾರ

ಮಗಳೇ ವಿಶಾಖಾ,

ಮೊದಲು ಅವ್ವನ ಆಶೀರ್ವಾದ ತೆಗೆದುಕೋ, ಬೈಯುವುದು ಆಮೇಲೆ ಇದ್ದೇ ಇದೆ. ಇದರ ಜೊತೆ ಬಂದ ಶೇಂಗಾ ಚಟ್ನಿ ಡಬ್ಬಿಯನ್ನು ಹಾಸ್ಟೆಲಿನ ಹುಡುಗಿಯರ ಮುಂದೆ ತೆರೆಯಬೇಡ. ಅದರ ತಳದಲ್ಲಿ ಮೂರು ಸುತ್ತು ಪ್ಲಾಸ್ಟಿಕ್ ಸುತ್ತಿದ ಪೆನ್ ಡ್ರೈವ್ ಇದೆ. ನೀನು ರಾಯಚೂರಿನಲ್ಲಿ ಎರಡು ವರ್ಷ ಮಾಡಿದ್ದೆಲ್ಲ ಅದರೊಳಗಿದೆ. ಅದನ್ನು ತೆಗೆದು ಒರೆಸಿಟ್ಟುಕೊಂಡ ಮೇಲೆ ಚಟ್ನಿ ಹಂಚು.

ಫೋನ್ ಮಾಡುವುದು ಬಿಟ್ಟು ಕಾಗದ ಯಾಕೆ ಎಂದು ಕೇಳುತ್ತೀಯ. ನಿನ್ನ ಸಾಮಾನು ತುಂಬಿಕೊಂಡು ನನ್ನ ಫೋನಿಗೆ ಉಸಿರು ಬಿಡಲೂ ಜಾಗವಿಲ್ಲ. ಮುಟ್ಟಿದರೆ ಏನಾದರೂ ಅಳಿಸಿಹೋದೀತೆಂದು ಆಫ್ ಮಾಡಿ ಅಕ್ಕಿ ಡಬ್ಬಿಯ ಮೇಲೆ ಇಟ್ಟಿದ್ದೇನೆ. ನಿಮ್ಮಪ್ಪನ ಫೋನಿನಲ್ಲಿ ಮಾತಾಡೋಣವೆಂದರೆ ಅವರು ಸ್ಪೀಕರ್ ಹಾಕದೆ ಮಾತಾಡುವವರಲ್ಲ. ರೈಸ್ ಮಿಲ್ಲಿನ ಹಮಾಲರಿಗೆಲ್ಲ ನಮ್ಮ ಮನೆಯ ವಿಷಯ ತಿಳಿಯಬೇಕಾಗಿಲ್ಲ.

ಗುರುವಾರ ನಾನು “ಹದಿನೇಳು ಹೋತು” ಎಂದು ಒಂದೇ ಮಾತು ಹೇಳಿ ಫೋನ್ ಇಟ್ಟೆ. ಅಂದಿನಿಂದ ನಿನಗೆ ಊಟ ಸೇರಿರಲಿಕ್ಕಿಲ್ಲ. ಏನಾಯಿತೆಂದು ಮೊದಲಿನಿಂದ ಹೇಳುತ್ತೇನೆ, ಸಮಾಧಾನದಿಂದ ಓದು.

ನಿನಗೆ ಆ ಯೂನಿವರ್ಸಿಟಿ ಬಿಟ್ಟು ಈ ಯೂನಿವರ್ಸಿಟಿಗೆ ಹೋಗುವುದೆಂದರೆ ಬಸ್ಸು ಬದಲಿಸಿದಷ್ಟು ಸಲೀಸು. ರಾಯಚೂರಿನ ಗೈಡ್ ನಿವೃತ್ತರಾದರು, ಧಾರವಾಡದಲ್ಲಿ ಹೊಸ ಗೈಡ್ ಸಿಕ್ಕರು, ಎರಡು ಬ್ಯಾಗು ಹಿಡಿದು ಹೊರಟೆ. ಯೂನಿವರ್ಸಿಟಿ ಕೊಟ್ಟ ಹಳೆಯ ಆನ್‌ಲೈನ್ ಖಾತೆ ಈ ಮೂವತ್ತೊಂದಕ್ಕೆ ಮುಚ್ಚುತ್ತದೆ, ಅದರಲ್ಲಿ ಇಪ್ಪತ್ತೊಂದು ಮುದುಕಿಯರ ಮಾತು ಉಳಿದಿದೆ ಎಂಬುದು ನೆನಪಾದದ್ದು ಅಲ್ಲಿ ಹಾಸಿಗೆ ಬಿಚ್ಚಿದ ಮೇಲೆ. ಕೂಲಿ ಮಾಡಿ ಮುಪ್ಪಾದ ಹೆಂಗಸರು ಕಷ್ಟಕಾಲಕ್ಕೆ ಯಾರನ್ನು ನೆಚ್ಚುತ್ತಾರೆ ಎಂದು ಮಾನ್ವಿ, ದೇವದುರ್ಗದ ಹಳ್ಳಿ ಹಳ್ಳಿ ತಿರುಗಿ ನೀನು ಕೇಳಿ, ಅವರ ದನಿ ತುಂಬಿಕೊಂಡು ಬಂದದ್ದು. ಹೊಸ ಗೈಡ್ ಆಗಸ್ಟ್ ಐದರೊಳಗೆ ಇಪ್ಪತ್ತೊಂದೂ ಕೇಳಬೇಕು, ಒಂದು ಕಡಿಮೆಯಾದರೂ ಒಪ್ಪುವುದಿಲ್ಲ ಎಂದಿದ್ದಾರೆ ಅಂದೆ.

ಖಾತೆಯ ಒಳಗೆ ಹೋಗುವ ಓಟಿಪಿ ನಂಬರು ಬರುವುದು ನನ್ನ ಫೋನಿಗೆ. ಹೆಣ್ಣುಮಗಳ ನಂಬರು ಊರ ತುಂಬ ಹರಿದಾಡಬಾರದೆಂದು ಅಡ್ಮಿಶನ್ ದಿನ ನಾನೇ ನನ್ನದನ್ನು ಬರೆಸಿದ್ದೆ. ಅದರ ಫಲ ಈಗ ಉಂಡೆವು. ಆರು ಅಂಕಿಯನ್ನು ಒಂದನೇ ತರಗತಿಯ ಮಕ್ಕಳಿಗೆ ಹೇಳುವ ಹಾಗೆ ಒಂದೊಂದಾಗಿ ಹೇಳಿ, ನೀನು ತಿರುಗಿ ಹೇಳುವ ತನಕ ಕಾದು, ಸರಿ ಎಂದು ಮುಂದಿನದಕ್ಕೆ ಹೋಗುತ್ತಿದ್ದೆ. ಇಪ್ಪತ್ತೆರಡು ವರ್ಷದ ಅಭ್ಯಾಸ, ಬಿಡುವುದಿಲ್ಲ. ನಾಲ್ಕನೆಯ ಅಂಕಿಗೆ ಬರುವಷ್ಟರಲ್ಲಿ ಅದರ ಅವಧಿ ಮುಗಿಯುತ್ತಿತ್ತು. ಐದು ಸಲ ಹೀಗಾದ ಮೇಲೆ ನೀನು “ಯವ್ವಾ, ನೀನ ಮಾಡು, ನನ್ನ ಕೈಲಾಗಲ್ಲ” ಎಂದು ಪಾಸ್‌ವರ್ಡ್ ಹೇಳಿ ಫೋನ್ ಕುಕ್ಕಿದೆ. ಅದಕ್ಕೇ ಗುಲ್ಶನ್ ಬೇಗಂ ಅಂಗಡಿಗೆ ಹೋದೆ.

ಗುಲ್ಶನ್ ನಿನಗೆ ಗೊತ್ತಲ್ಲ, ಬಸ್ ಸ್ಟ್ಯಾಂಡ್ ಎದುರು ಜೆರಾಕ್ಸು, ಆನ್‌ಲೈನ್ ಅರ್ಜಿ ಇಟ್ಟುಕೊಂಡಿರುವವಳು. ಮಂಗಳವಾರದಿಂದ ಮೂರು ದಿನ ಶಾಲೆ ಬಿಟ್ಟೊಡನೆ ಅಲ್ಲೇ ಕೂತೆ. ಗುರುವಾರವಂತೂ ಅರ್ಧ ದಿನ ರಜೆ ಹಾಕಿದೆ. ಅವಳು ಒಂದೊಂದು ಮುದುಕಿಯನ್ನು ಪೆನ್ ಡ್ರೈವಿಗೂ ನನ್ನ ಫೋನಿಗೂ ಹಾಕಿ, ಪೂರ್ತಿ ಬಂದಿದೆಯೇ ಎಂದು ಕಡೆಯ ಅರ್ಧ ನಿಮಿಷ ಹಚ್ಚಿ ನೋಡುತ್ತಿದ್ದಳು.

ನಿನ್ನ ಖಾತೆಯಲ್ಲಿ ನಾನು ಒಂದಕ್ಷರವನ್ನೂ ಓದಿಲ್ಲ. ಇನ್ನೊಬ್ಬರ ಕಾಗದ ಓದುವ ಬುದ್ಧಿ ನನಗಿಲ್ಲ. ಬಸವಪ್ರಸಾದ ಎಂಬ ಹುಡುಗನಿಗೆ ಮಾತ್ರ ಹೇಳು: ವರ್ಷಕ್ಕೆ ಒಂದೇ ಸಲ ಹುಟ್ಟುಹಬ್ಬ ಬರುತ್ತದೆ, ನಾಲ್ಕು ಸಲ ಶುಭಾಶಯ ಕಳಿಸಬೇಕಾಗಿಲ್ಲ. ಒಳ್ಳೆಯ ಮನೆತನದವನಂತೆ ಕಾಣುತ್ತಾನೆ. ಇನ್ನು ನಿನ್ನ ರಜಾ ಅರ್ಜಿಗಳು. ಅವನ್ನೂ ಓದಿಲ್ಲ, ಕಣ್ಣಿಗೆ ಬಿದ್ದವು ಅಷ್ಟೇ. ನಮ್ಮೂರು ಗೂಗಲ್ಲಿನ ನಿನ್ನ ಅಜ್ಜಿ, ನಮ್ಮತ್ತೆ, ಹೋದ ವರ್ಷ ಮಾರ್ಚಿನಲ್ಲಿ ಒಮ್ಮೆ, ನವೆಂಬರಿನಲ್ಲಿ ಇನ್ನೊಮ್ಮೆ ತೀರಿಕೊಂಡಿದ್ದಾರೆ. ನಿನ್ನ ಹದಿನೇಳನೆಯ ಮುದುಕಿಯೂ ಅವರೇ, ಗೂಗಲ್ಲಿನ ಬೂದೆಮ್ಮ. ಅವರ ಮಾತು ತುಂಬಿಕೊಂಡ ತಾರೀಖು ಈ ವರ್ಷದ ಜನವರಿ. ಹೊಸ ಗೈಡ್ ಲೆಕ್ಕದಲ್ಲಿ ಚುರುಕಾಗಿದ್ದರೆ ಏನು ಗತಿ ಎಂದು ನಾನು ಆ ಎರಡೂ ಅರ್ಜಿಗಳನ್ನು ಅಳಿಸಿದೆ.

ಅಳಿಸುವುದು ಶುರುವಾದದ್ದು ಅಲ್ಲಿಂದಲೇ. ಮನೆ ಬಿಡುವಾಗ ಗುಡಿಸಿ, ಸಾರಿಸಿ, ದೀಪ ಹಚ್ಚಿ ಬೀಗದ ಕೈ ಕೊಡುವುದು ನಮ್ಮ ಪದ್ಧತಿ. ಹಳೆಯ ಬಟ್ಟೆ, ಒಡೆದ ಕೊಡ ಬಿಟ್ಟು ಹೋದವರನ್ನು ಮನೆಯ ಮಾಲೀಕರು ವರ್ಷಗಟ್ಟಲೆ ಆಡಿಕೊಳ್ಳುತ್ತಾರೆ. ನನ್ನ ಮಗಳನ್ನು ಹಾಗೆ ಆಡಿಕೊಳ್ಳಲು ಬಿಡುತ್ತೇನೆಯೇ? ಒಂದು ಮುದುಕಿ ಈ ಕಡೆ ಬಂದ ಕೂಡಲೇ ಆ ಕಡೆ ಗುಡಿಸಿದೆ. ಗುಲ್ಶನ್ ಬಹಳ ಹೇಳಿದಳು, “ಟೀಚರಮ್ಮ, ಅವರ ಬಂದ್ ಮಾಡ್ತಾರ, ನಿಮಗ್ಯಾಕ ಬೇಕ್ರಿ ಈ ಉಸಾಬರಿ” ಎಂದು. ನಾನು ಕೇಳಲಿಲ್ಲ. ಕಸದ ಬುಟ್ಟಿಯ ಚಿತ್ರವಿತ್ತಲ್ಲ, ಅದನ್ನೂ ಖಾಲಿ ಮಾಡಿಸಿದೆ. ತೀರಾ ಬರಿದಾದ ಮನೆಯನ್ನು ಒಪ್ಪಿಸಬಾರದು, ಒಂದು ಬೊಗಸೆ ಜೋಳವಾದರೂ ಬಿಟ್ಟು ಬರಬೇಕು. ಅಲ್ಲಿ ಜೋಳ ಎಲ್ಲಿಂದ ತರಲಿ? ಗೂಗಲ್ಲಿನ ಅಲ್ಲಮಪ್ರಭುವಿನ ಗುಡಿಯ ಒಂದು ಫೋಟೊ ಹಾಗೇ ಬಿಟ್ಟೆ.

ಗುರುವಾರವೇ ಯೂನಿವರ್ಸಿಟಿಯ ಕಂಪ್ಯೂಟರ್ ವಿಭಾಗದಿಂದ ಪರಮಣ್ಣ ಎಂಬುವರು ಫೋನ್ ಮಾಡಿದ್ದರು. “ಅಮ್ಮಾರ, ಖಾತಿ ಪೂರಾ ಖಾಲಿ ಅದ, ಒಂದು ಗುಡಿ ಫೋಟೊ ಉಳದದ. ಮರ್ತೀರೇನ್ರಿ?” ಎಂದರು. ಮರೆತಿಲ್ಲ, ಬರಿದು ಮಾಡಿ ಕೊಡಬಾರದೆಂದು ಬಿಟ್ಟಿದ್ದೇನೆ ಎಂದೆ. ಅವರು, ತಮ್ಮ ಹನ್ನೊಂದು ವರ್ಷದ ನೌಕರಿಯಲ್ಲಿ ಯಾರೂ ಹೀಗೆ ಖಾತೆ ಒಪ್ಪಿಸಿರಲಿಲ್ಲ ಎಂದರು. ನಿನ್ನ ಹೆಸರು ಅಲ್ಲಿ ಚೆನ್ನಾಗಿ ಉಳಿದಿದೆ.

ಹದಿನೇಳನೆಯದರ ಸರದಿ ಬಂದಾಗ ಕರೆಂಟ್ ಹೋಯಿತು. ಬಂದ ಮೇಲೆ ನಾನು ಅದು ಈ ಕಡೆ ಬಂದಾಗಿದೆ ಎಂದುಕೊಂಡು ಆ ಕಡೆ ಗುಡಿಸಿಬಿಟ್ಟೆ. ಎಣಿಸಿದರೆ ಇಪ್ಪತ್ತೇ ಮುದುಕಿಯರು. ಅವತ್ತು ಗುಲ್ಶನ್ ಮೂರು ಗಂಟೆಗೇ ಶಟರ್ ಎಳೆದು ಗಿರಾಕಿಗಳನ್ನೆಲ್ಲ ಕಳಿಸಿದಳು. ಯಾಕೆಂದು ಕೇಳಬೇಡ.

ಕಳೆದದ್ದು ನಾನು, ತುಂಬಿಕೊಡಬೇಕಾದದ್ದೂ ನಾನೇ. ಬೇರೆ ಯಾವ ಮುದುಕಿಯಾಗಿದ್ದರೂ ಹೋಗಿ ಕೈಮುಗಿದು ಇನ್ನೊಮ್ಮೆ ಹೇಳಿಸುತ್ತಿದ್ದೆ. ಆದರೆ ನಿನ್ನ ಅಜ್ಜಿ ನನ್ನೊಡನೆ ಮಾತು ಬಿಟ್ಟು ಮೂರು ವರ್ಷವಾಯಿತು. ನನಗೆ ಪೋತ್ನಾಳಕ್ಕೆ ವರ್ಗವಾದಾಗ ಗೂಗಲ್ಲಿನ ಮನೆಯಿಂದ ನಾನು ಒಯ್ದದ್ದು ಒಂದು ಕಬ್ಬಿಣದ ರೊಟ್ಟಿ ಹಂಚು. ಇಪ್ಪತ್ತೈದು ವರ್ಷ ನನ್ನ ಕೈಯಲ್ಲಿ ಕಾದದ್ದು, ನನ್ನದೇ ಅಂದುಕೊಂಡೆ. ಅಂದಿನಿಂದ ಅವರು ನನಗೆ ಹೇಳಬೇಕಾದ್ದನ್ನೆಲ್ಲ ಎಮ್ಮೆಗೆ ಹೇಳುತ್ತಾರೆ. ನಾನೂ ಸೋಲಲಿಲ್ಲ, ಹಬ್ಬಕ್ಕೆ ಹೋದರೆ ನನ್ನ ಉತ್ತರವೂ ಎಮ್ಮೆಗೇ.

ನಿನ್ನೆ ರಜೆ ಹಾಕಿ ಹೊರಟೆ. ಮಾನ್ವಿಗೆ ಒಂದು ಬಸ್ಸು, ದೇವದುರ್ಗಕ್ಕೆ ಇನ್ನೊಂದು, ಅಲ್ಲಿಂದ ಟಂಟಂ ಆಟೊ. ಕೈಯಲ್ಲಿ ಭಾರದ ಚೀಲ. ಅದರಲ್ಲೇನಿದೆ ಎಂದು ಕೇಳಿದ ಕಂಡಕ್ಟರ್ ಮೇಲೆ ರೇಗಿದೆ, ಪಾಪ. ಗುಲ್ಶನ್ ತನ್ನ ಸಿಮ್ ಇಲ್ಲದ ಹಳೆಯ ಫೋನು ಕೊಟ್ಟು ಯಾವ ಗುಂಡಿ ಒತ್ತಬೇಕೆಂದು ತೋರಿಸಿದ್ದಳು. ನಿನ್ನ ಪ್ರಶ್ನೆಗಳ ಹಾಳೆಯನ್ನೂ ಜೆರಾಕ್ಸ್ ಮಾಡಿಸಿಕೊಂಡಿದ್ದೆ.

ನಿನ್ನ ಅಜ್ಜಿ ಕಟ್ಟೆಯ ಮೇಲೆ ಕೂತು ತೊಗರಿ ಹಸನು ಮಾಡುತ್ತಿದ್ದರು. ನನ್ನನ್ನು ನೋಡಿ ಎಮ್ಮೆಯ ಕಡೆ ತಿರುಗಿ, “ನೋಡು ಬೇ, ಪೋತ್ನಾಳದ ಟೀಚರ್ ಬಂದಾಳ. ದಾರಿ ತಪ್ಪಿ ಬಂದಿರಬೇಕು” ಎಂದರು. ನಾನು ಎಮ್ಮೆಗೆ ಎಲ್ಲವನ್ನೂ ವಿವರಿಸಿದೆ. ಮೊಮ್ಮಗಳ ಎರಡು ವರ್ಷದ ಓದು ನಿಂತುಹೋಗುತ್ತದೆ, ಅಜ್ಜಿಯ ಮಾತು ಇನ್ನೊಮ್ಮೆ ಬೇಕು ಎಂದೆ. ಎಮ್ಮೆ ಮೆಲುಕು ಹಾಕಿತು. ಅವರು ಮೊರ ಕೆಳಗಿಟ್ಟು, ಮೊದಲ ಸಲ ನನ್ನ ಮುಖ ನೋಡಿ, “ಮೊಮ್ಮಗಳ ಸಲುವಾಗಿ ಮಾತಾಡ್ತೀನಿ. ನಿನ್ನ ಸಲುವಾಗಿ ಅಲ್ಲ” ಎಂದರು.

ಮೊದಲ ಪ್ರಶ್ನೆ, ನಿಮ್ಮ ಹೆಸರೇನ್ರಿ. ಹಾಳೆಯಲ್ಲಿದ್ದ ಹಾಗೆ ಕೇಳಿದೆ. “ಇಪ್ಪತ್ತೆಂಟು ವರ್ಷ ಆತು ಈ ಮನಿಗಿ ಬಂದು, ಅತ್ತಿ ಹೆಸರು ಗೊತ್ತಿಲ್ಲೇನ ನಿನಗ?” ಎಂದು ಶುರು ಮಾಡಿದವರು ನಲವತ್ತು ನಿಮಿಷ ಬಿಡಲಿಲ್ಲ. ಮನೆಯಲ್ಲಿ ಎಷ್ಟು ಜನ ಎಂದು ಕೇಳಿದರೆ ಎಮ್ಮೆಯನ್ನೂ ಸೇರಿಸಿ ಎಣಿಸಿ, “ಸೊಸಿ ಅಂತ ಒಬ್ಬಾಕಿ ಇದ್ದಳು, ಹಂಚು ಹೊತ್ಕೊಂಡು ಹೋದ್ಲು” ಎಂದರು. ನನ್ನ ಸಾರಿಗೆ ಉಪ್ಪು ಹೆಚ್ಚು, ನಾನು ನಡೆದರೆ ಸಪ್ಪಳ ಹೆಚ್ಚು, ಮಗಳನ್ನು ಓದಿಸಿ ಓದಿಸಿ ಒಣಗಿಸಿದ್ದೇನೆ, ಎಲ್ಲವೂ ಬಂತು. ನಾನು ಸುಮ್ಮನಿರಬೇಕಿತ್ತು, ಇರಲಾಗಲಿಲ್ಲ. ನಡುವೆ ನನ್ನ ದನಿಯೂ ದೊಡ್ಡದಾಗಿ ಕೇಳುತ್ತದೆ, ಸಂಶೋಧನೆಗೆ ಅಡ್ಡಿಯಾದರೆ ಕ್ಷಮಿಸು.

ಕಡೆಯ ಪ್ರಶ್ನೆ, ಕಷ್ಟ ಬಂದರೆ ಯಾರ ಕಡೆ ಹೋಗುತ್ತೀರಿ. ಅವರು ತಂಬಿಗೆ ಎತ್ತಿದರು. ನೀರು ಕುಡಿದರು. “ಯಾರೂ ಇಲ್ಲ ಅಂತ ಬರಕೊ” ಎಂದರು. ಬರೆದುಕೊಂಡೆ.

ಆಮೇಲೆ ಅಡುಗೆಮನೆಗೆ ಹೋಗಿ ಚೀಲ ಬಿಚ್ಚಿ, ಹಂಚನ್ನು ಒಲೆಯ ಮೇಲೆ ಇಟ್ಟೆ. ನಿನ್ನ ಅಜ್ಜಿ ಹಿಂದೆಯೇ ಬಂದು ಅದನ್ನು ಎತ್ತಿ, ತಿರುವಿ, ತಳ ನೋಡಿದರು. ಅಲ್ಲಿ ಎಮ್ಮೆ ಇರಲಿಲ್ಲವಾದ್ದರಿಂದ ಯಾರಿಗೆ ಹೇಳಬೇಕೋ ತಿಳಿಯದೆ ಒಲೆಗೆ ಹೇಳಿದರು, “ಚಂದ ತಿಕ್ಕಿ ಇಟ್ಟಾಳ.” ನಾನು ಹಿಟ್ಟು ನಾದಿದೆ, ಅವರು ಬಡಿದರು. ಹೊಟ್ಟೆ ತುಂಬ ಉಂಡು ಬಂದೆ.

ಎರಡನೆಯ ಸಲ ತುಂಬಿಕೊಂಡದ್ದೂ ಪೆನ್ ಡ್ರೈವಿನಲ್ಲಿದೆ. ಎಣಿಸಿಕೋ, ಇಪ್ಪತ್ತೊಂದೂ ಇವೆ. ಹೊತ್ತಿಗೆ ಸರಿಯಾಗಿ ಉಣ್ಣು. ಹೊಸ ಖಾತೆಗೆ ಯಾರ ನಂಬರು ಬರೆಸಿದ್ದೀಯ? ನನ್ನದು ಬೇಡ, ನಿನ್ನದೇ ಇರಲಿ.

ನಿನ್ನ ಅವ್ವ,
ಆದೆಮ್ಮ

ತಾ.ಕ.: ಮೇಲಿನದನ್ನೆಲ್ಲ ಬರೆದು ಲಕೋಟೆಗೆ ಗೋಂದು ಹಚ್ಚಿ, ಮತ್ತೆ ಬಿಡಿಸಿದ್ದೇನೆ. ಸುಳ್ಳು ಹೇಳಿದರೆ ನನಗೆ ನಿದ್ದೆ ಬರುವುದಿಲ್ಲ. ಕರೆಂಟ್ ಹೋಗಲಿಲ್ಲ. ಹದಿನೇಳನೆಯದು ಕಳೆಯಲೂ ಇಲ್ಲ, ಪೆನ್ ಡ್ರೈವಿನಲ್ಲಿ ಎಲ್ಲಕ್ಕಿಂತ ಮೊದಲು ಇಡಿಸಿರುವುದು ಅದನ್ನೇ. ಗುಲ್ಶನ್ ಅದರ ಕಡೆಯ ಅರ್ಧ ನಿಮಿಷ ಹಚ್ಚಿದಳು. ಪ್ರಶ್ನೆ ಕೇಳಿದ ನಿನ್ನ ದನಿ, ಆಮೇಲೆ ನಮ್ಮತ್ತೆಯ ದನಿ, ಜೆರಾಕ್ಸಿಗೆ ನಿಂತವರೆಲ್ಲರ ಎದುರಿಗೆ: “ಕಷ್ಟ ಬಂದ್ರ ಸೊಸಿ ಕಡಿ ಹೋಗ್ತೀನಿ. ಮತ್ತ್ಯಾರ ಕಡಿ ಹೋಗ್ಲಿ? ಹಂಚಿಂದೇನು ದೊಡ್ಡ ಮಾತು, ಕೇಳಿದ್ರ ನಾನ ತಲಿ ಮ್ಯಾಲ ಹೊರಿಸಿ ಕಳಿಸ್ತಿದ್ದೆ. ಕೇಳಲಿಲ್ಲ ಅಂತ ಸಿಟ್ಟು. ಆದ್ರ ಸಾಯೋ ಮುಂದ ನೀರು ಅಕಿ ಕೈಲೆ ಕುಡೀಬೇಕು.” ಗುಲ್ಶನ್ ಎದ್ದು ಶಟರ್ ಎಳೆದಳು, ನಾನು ಅಳುವುದನ್ನು ಜನ ನೋಡಬಾರದೆಂದು. ನೀನು ಇದನ್ನು ಜನವರಿಯಿಂದ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದೆ. ಹೇಳಿಕೊಂಡವರ ಮಾತನ್ನು ಹೊರಗೆ ಹೇಳಬಾರದೆಂಬ ನಿಯಮವಂತೆ, ಗುಲ್ಶನ್ ಹೇಳಿದಳು. ಅದಕ್ಕೆ ನಿನ್ನನ್ನು ಬೈಯುವುದಿಲ್ಲ. ಆದರೆ ಕೇಳಿದ ಮೇಲೆ ನನಗೆ ಗೂಗಲ್ಲಿಗೆ ಹೋಗಲೇಬೇಕಿತ್ತು, ಹೋಗಲು ಒಂದು ನೆಪ ಬೇಕಿತ್ತು. ನಾಲ್ಕು ದಿನ ನಿನಗೆ ಊಟ ಸೇರದಂತೆ ಮಾಡಿದ್ದು ಆ ನೆಪ. ಕ್ಷಮಿಸು.

ಗೈಡ್‌ಗೆ ಮೊದಲನೆಯದನ್ನೇ ಕೊಡು. ಎರಡನೆಯದನ್ನು ಅಳಿಸಬೇಡ, ಅದು ನನಗೆ ಬೇಕು. ನಲವತ್ತು ನಿಮಿಷ ಅವರು ನನ್ನನ್ನು ಬೈದಿದ್ದಾರೆ, ನನ್ನನ್ನೇ, ಎಮ್ಮೆಯನ್ನಲ್ಲ. ಅತ್ತೆ ಬರುವ ಶುಕ್ರವಾರ ಎಂಟು ದಿನ ಇರಲು ಇಲ್ಲಿಗೆ ಬರುತ್ತಿದ್ದಾರೆ, ಹಂಚು ಹೊತ್ತುಕೊಂಡು. ಇನ್ನು ಮುಂದೆ ರಜೆ ಬೇಕಾದರೆ ಬೇರೆ ಯಾರನ್ನಾದರೂ ಸಾಯಿಸು, ಅವರನ್ನು ಬಿಟ್ಟುಬಿಡು.