ಹುಳ ಮುಟ್ಟದ ಹೂ

ಆಗಸ್ಟ್ 11, ಭಾನುವಾರ

ಕಳೆ ಕಿತ್ತೆ. ಹತ್ತು ನಿಮಿಷದ ಕೆಲಸ. ಪ್ಲಾನ್ ಸರಿಯಿದೆ — ಒಮ್ಮೆ ನೆಟ್ಟರೆ ವರ್ಷಗಟ್ಟಲೆ ಹೂ ಬಿಡುವ ಗಿಡಗಳು. ಗಲಾಟೆ ಹೂ, ನಿತ್ಯಪುಷ್ಪ, ಪೆಂಟಾಸ್. ಒಂದೊಂದು ಬಣ್ಣ ಒಂದೊಂದು ಗುಂಪು, ಜೇನಿಗೆ ದೂರದಿಂದಲೇ ಕಾಣಲಿ ಎಂದು. ಅಂಚಿಗೆ ಕ್ವಾರಿಯ ಕೆಂಪು ಕಲ್ಲಿನ ಚೂರು. ವಾರಕ್ಕೆರಡು ಸಲ ನೀರು.

ಮೊಗ್ಗು ತುಂಬಿವೆ. ಅರಳಿದ್ದು ಒಂದೂ ಇಲ್ಲ. ಎಲ್ಲ ದೇವರ ಮನೆಯಲ್ಲಿವೆ.

ಹನ್ನೊಂದು ವರ್ಷದಿಂದ ಇಳಕಲ್ಲಿನ ಕಾಲೇಜಿನಲ್ಲಿ ಪರಾಗಸ್ಪರ್ಶ ಪಾಠ ಮಾಡುತ್ತೇನೆ. ಹುನಗುಂದದ ನನ್ನ ಹಿತ್ತಿಲಿಗೆ ಒಂದು ಹುಳವೂ ಬರುವುದಿಲ್ಲ. ನಾಚಿಕೆಗೇಡು.

ಆಗಸ್ಟ್ 12, ಬೆಳಿಗ್ಗೆ 5.20

ಅವ್ವನ ಹಿಂದೆಯೇ ಎದ್ದು ಹೋದೆ. ಅವಳ ಕಣ್ಣು ಪೂರ್ತಿ ಹೋಗಿ ಎರಡು ವರ್ಷ. ಗೋಡೆ ಹಿಡಿದು ಬರುತ್ತಾಳೆ. ಬೆರಳಿಂದ ತಡವಿ ಅರಳಿದ್ದನ್ನೆಲ್ಲ ಹರಿಯುತ್ತಾಳೆ. ಮೊಗ್ಗು ಮುಟ್ಟುವುದಿಲ್ಲ.

"ಜೇನಿಗೆ ನಾಕ ಬಿಡಬೇ."

"ಹುಳಾ ಮುಟ್ಟಿದ್ರ ಎಂಜಲಾಗ್ತೈತಿ. ಅದಕ್ಕ ನಾ ಮೊದ್ಲ ಬರೂದು."

"ಎಲ್ಲಾ ಬೇಕೇನು ಪೂಜಿಗೆ?"

"ಇದೊಂದ ಕೆಲಸ ನನ್ನ ಕೈಲೆ ಆಗ್ತೈತಿ, ಗೀತಾ."

ಮಾತು ಅಲ್ಲಿಗೆ ಮುಗಿಯಿತು. ಅವ್ವನ ಜೊತೆ ಯಾವಾಗಲೂ ಹೀಗೇ.

ಆಗಸ್ಟ್ 29

ಸ್ಟಾಫ್ ರೂಮಿನಲ್ಲಿ ಜೋಹರಾ ಮೇಡಂ ಹತ್ತಿರ ಗೋಳು ತೋಡಿಕೊಂಡೆ. ಆಕೆ ನಕ್ಕಳು. "ನಮ್ಮ ಖಬರಸ್ತಾನಕ್ಕ ಬಂದ ನೋಡ್ರಿ. ಅಲ್ಲೂ ಅವ ಗಲಾಟಿ ಹೂವ. ಜೇನ ಮುತ್ತಿರ್ತಾವು. ಗೋರಿ ಮ್ಯಾಲಿನ ಹೂ ಯಾರ್ ಹರೀತಾರ್ರಿ?"

ನಾನು ನಗಲಿಲ್ಲ. ಬಸ್ಸಿನಲ್ಲಿ ಅದೇ ಯೋಚನೆ...

ಸೆಪ್ಟೆಂಬರ್ 1

ಅವ್ವನಿಗೆ ಹೇಳಿಬಿಟ್ಟೆ. ಗೋಡೆಯ ಕ್ಯಾಲೆಂಡರ್ ನೋಡುತ್ತ ಹೇಳಿದೆ. ಮೇ ತಿಂಗಳಲ್ಲಿ ನಮ್ಮ ನಾಯಿ ಮೋತಿ ಮನೆ ಬಿಟ್ಟು ಹೋಗಲಿಲ್ಲ, ಸತ್ತಿತ್ತು, ಹೂವಿನ ಮಡಿಯಲ್ಲೇ ಹುಗಿಸಿದ್ದೇನೆ ಎಂದು. ಪೂರಾ ಸುಳ್ಳು. ನಾಯಿ ಎಲ್ಲಿ ಹೋಯಿತೋ ಯಾರಿಗೂ ಗೊತ್ತಿಲ್ಲ.

"ಅಯ್ಯ ಶಿವನ! ಹೆಣದ ಮ್ಯಾಲಿನ ಹೂ ಏರಿಸಿದ್ನೇನು ಇಷ್ಟ ದಿನ?"

ಮೂರು ಸಲ ಕೈ ತೊಳೆದಳು. ಪಾಪ ಅನಿಸಿತು. ಬಾಯಿಂದ ಬಂದಾಗಿತ್ತು.

ಸೆಪ್ಟೆಂಬರ್ 9

ಜೇನು! ತುಡುವೆ ಜೇನು ಏಳು. ಕೋಲುಜೇನು ಎಣಿಸಲಾಗಲಿಲ್ಲ. ನೀಲಿ ಪಟ್ಟೆಯ ಒಂಟಿ ಜೇನು ಒಂದು. ಪೆಂಟಾಸ್ ಮೇಲೆ ಪಾತರಗಿತ್ತಿ. ಚಹಾ ಆರಿಹೋಗುವ ತನಕ ನಿಂತಿದ್ದೆ. ಭಾಳ ಖುಷಿ. ಜೋಹರಾ ಮೇಡಂಗೆ ಫೋಟೋ ಕಳಿಸಿದೆ.

ನವೆಂಬರ್ 20

ತೋಟಕ್ಕೆ ಏನೂ ಮಾಡಬೇಕಿಲ್ಲ. ತಾನೇ ಅರಳುತ್ತದೆ.

ಅವ್ವ ಹೊರಗೆ ಬರುವುದಿಲ್ಲ. ಪೂಜೆ ವಿಭೂತಿಯಲ್ಲೇ ಮುಗಿಯುತ್ತದೆ. ಪ್ಯಾಟಿ ಹೂ ತಂದರೆ "ಯಾವಾಗ ಹರಿದದ್ದೋ" ಎಂದು ಪಕ್ಕಕ್ಕಿಡುತ್ತಾಳೆ. ಇವತ್ತು ದವಾಖಾನೆ. ಮಂಡಿ ಬಿಗಿದಿದೆ. ನಡೆಯುವುದು ಯಾವಾಗ ಬಿಟ್ಟರು ಎಂದು ಡಾಕ್ಟರ್ ಕೇಳಿದರು. ನನಗೆ ತಾರೀಖು ಗೊತ್ತಿತ್ತು. ಹೇಳಲಿಲ್ಲ.

ಡಿಸೆಂಬರ್ 3

ಒಪ್ಪಿಕೊಂಡೆ. "ಮೋತಿ ಅಲ್ಲಿಲ್ಲಬೇ. ಸುಳ್ಳ ಹೇಳಿದೆ."

"ಗೊತ್ತೈತಿ."

"ಯಾವಾಗಿಂದ?"

"ಅವತ್ತಿಂದ. ಸುಳ್ಳ ಹೇಳುವಾಗ ನೀ ಗ್ವಾಡಿಗೆ ಮಾರಿ ಮಾಡ್ತಿ. ದನಿ ಅತ್ತಾಗಿಂದ ಬರ್ತೈತಿ. ಸಾಲಿ ತಪ್ಪಿಸ್ತಿದ್ದಾಗಿಂದ ಹಂಗ."

"ಮತ್ತ ಕೈ ಯಾಕ ತೊಳ್ದಿ?"

"ಮಗಳ ಸುಳ್ಳಿಗೆ ಒಂದೀಟ ಮರ್ಯಾದಿ ಬ್ಯಾಡೇನು?"

ನಗು ಬಂತು. ತಡೆದುಕೊಂಡೆ.

"ಹರಿಯೂದ್ಯಾಕ ಬಿಟ್ಟಿ?"

"ಹುಟ್ಟಿದಾಗಿಂದ ಏನೂ ಬೇಡಿದಾಕಿ ಅಲ್ಲ ನೀ. ಇದೊಂದ ಬೇಡಿದಿ. ಅದನ್ನೂ ನೆಟ್ಟಗ ಬೇಡಲಿಲ್ಲ."

ಅತ್ತುಬಿಟ್ಟೆ. ಎಷ್ಟೋ ವರ್ಷದ ಮೇಲೆ. ನಾಳೆಯಿಂದ ಮತ್ತೆ ಹೂ ಹರಿ ಎಂದೆ. ಏಳಲು ನೋಡಿದಳು. ಕಾಲು ಏಳಲಿಲ್ಲ.

ಡಿಸೆಂಬರ್ 4, ಬೆಳಿಗ್ಗೆ 8.10

ಐದಕ್ಕೆ ಅಲಾರಂ ಇಟ್ಟಿದ್ದೆ. ಎಚ್ಚರವಾಗಲಿಲ್ಲ. ಬುಟ್ಟಿ ಹಿಡಿದು ಹೋಗುವಷ್ಟರಲ್ಲಿ ಬಿಸಿಲು ಬಂದಿತ್ತು, ಜೇನೂ. ಜೇನು ಕೂರದ ಹೂ ಒಂದೂ ಇರಲಿಲ್ಲ. ಒಂದೊಂದು ಜೇನೂ ತನ್ನ ಕೆಲಸ ಮುಗಿಸಿ ಏಳುವ ತನಕ ಕಾಯ್ದು ಹರಿದೆ. ಹನ್ನೆರಡು. ಉಳಿದದ್ದು ಬಿಟ್ಟೆ.

ಅವ್ವನ ತೊಡೆಯ ಮೇಲೆ ಬುಟ್ಟಿ ಇಟ್ಟೆ. ತಡವಿದಳು.

"ಹುಳಾ ಮುಟ್ಟಿಲ್ಲ ಹೌದಿಲ್ಲೋ?"

ಗೋಡೆಯ ಕಡೆ ತಿರುಗಲಿಲ್ಲ. ಎದುರಿಗೇ ಕೂತೆ. "ಇಲ್ಲಬೇ. ಒಂದೂ ಮುಟ್ಟಿಲ್ಲ."

ಅವ್ವ ಕೈ ಚಾಚಿದಳು. ನನ್ನ ಹಣೆ, ಮೂಗು, ಗದ್ದ ಸವರಿದಳು. ಆಮೇಲೆ ಬುಟ್ಟಿಯಿಂದ ಒಂದು ಹೂ ಎತ್ತಿ ನನ್ನ ಮುಡಿಗೆ ಸಿಗಿಸಿದಳು. "ಈ ಸುಳ್ಳಿಗೂ ಒಂದೀಟ ಮರ್ಯಾದಿ ಇರ್ಲಿ" ಎಂದು ಉಳಿದದ್ದನ್ನು ದೇವರಿಗೆ ಏರಿಸಲು ಹೇಳಿದಳು.