ಒನಕೆ ನಿಂತ ಮಧ್ಯಾಹ್ನ

ಬ್ಯಾಡಗಿ
೮ ಫೆಬ್ರವರಿ ೨೦೨೬, ಭಾನುವಾರ

ಮಗಳೇ ಮಹೇಶ್ವರಿ,

ಇಲ್ಲಿ ಎಲ್ಲರೂ ಸೀನುತ್ತ ಕ್ಷೇಮವಾಗಿದ್ದೇವೆ. ಪೇಟೆಗೆ ಮೆಣಸಿನಕಾಯಿ ಬರುವ ದಿನಗಳಲ್ಲವೇ, ಗಾಳಿಯೇ ಖಾರ. ನಿನ್ನ ತಮ್ಮ ಮಾಲತೇಶ ಮೂಗಿಗೆ ಟವೆಲ್ ಸುತ್ತಿಕೊಂಡು ಅಂಗಡಿಗೆ ಹೋಗುತ್ತಾನೆ, ಅವನ ಹೆಂಡತಿ ಶಿಲ್ಪಾ ಕಿಟಕಿಗೆಲ್ಲ ಹಳೆ ಸೀರೆ ಕಟ್ಟಿದ್ದಾಳೆ. ಅವರ ಸೀನು ನನಗೆ ಕೇಳಿಸುವುದಿಲ್ಲ, ಮುಖ ಮಾತ್ರ ಕಾಣುತ್ತದೆ. ಸೀನುವ ಮುಂಚೆ ಮನುಷ್ಯರು ಎಷ್ಟು ದೊಡ್ಡ ವಿಚಾರವಂತರಂತೆ ಕಾಣುತ್ತಾರೆ ಎಂಬುದು ಕಿವಿ ಹೋದ ಮೇಲೆಯೇ ನನಗೆ ತಿಳಿದದ್ದು.

ನೀನು ಮೊಬೈಲಿನಲ್ಲಿ ಬಿಡುವ ಮೂರು ನಿಮಿಷದ ಇತಿಹಾಸದ ಕಥೆಗಳನ್ನು ನನಗೆಂದೇ ಹಾಳೆಯ ಮೇಲೆ ಬರೆದು ಹಾವೇರಿಯಿಂದ ಕಳಿಸುತ್ತೀಯಲ್ಲ, ಎರಡು ವರ್ಷದಿಂದ ಒಂದನ್ನೂ ಬಿಡದೆ ಓದಿದ್ದೇನೆ. ಊರು ಕಿವಿಯಿಂದ ಕೇಳುವುದನ್ನು ನಾನು ಕಣ್ಣಿನಿಂದ ಕೇಳುತ್ತೇನೆ. ಮೆಣಸಿನಕಾಯಿಯ ಕಥೆ ಬಂದ ದಿನ ನೆನಪಿದೆಯೇ? ಐನೂರು ಚಿಲ್ಲರೆ ವರ್ಷಗಳ ಹಿಂದೆ ಈ ದೇಶದಲ್ಲಿ ಮೆಣಸಿನಕಾಯಿಯನ್ನು ಕಂಡವರೇ ಇರಲಿಲ್ಲ, ಅದು ಪೋರ್ಚುಗೀಸರ ಹಡಗು ಹತ್ತಿ ಸಮುದ್ರ ದಾಟಿ ಬಂತು ಎಂದು ಬರೆದಿದ್ದೆ. ಆವತ್ತು ಕಾಯಿಯ ತೊಟ್ಟು ಮುರಿಯುತ್ತ ಕೂತ ಹೆಂಗಸರೆಲ್ಲ ಕೈ ನಿಲ್ಲಿಸಿಬಿಟ್ಟರಂತೆ. ಪಕ್ಕದ ಮನೆಯ ರೋಷನಬಿ ಸಿಟ್ಟಿನಿಂದ, “ಹಂಗಾರ ಅದಕ್ಕಿಂತ ಮೊದಲ ನಮ್ಮ ಮಂದಿ ರೊಟ್ಟಿ ಜೋಡಿ ಏನ್ ತಿಂತಿದ್ರು? ಅಳಕೋತ ಕುಂದರ್ತಿದ್ರೇನು?” ಎಂದಳಂತೆ. ಶಿಲ್ಪಾ ಪಾಟಿಯ ಮೇಲೆ ಬರೆದು ತೋರಿಸಿದಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಆಮೇಲೆ ಅಡುಗೆಮನೆಗೆ ಹೋಗಿ ಒಂದು ಕಾಯಿಯನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದೆ. ಐವತ್ತು ವರ್ಷ ಒಗ್ಗರಣೆಗೆ ಹಾಕಿದವಳು ಅದಕ್ಕೆ ಊರು ಯಾವುದು ಎಂದು ಒಮ್ಮೆಯೂ ಕೇಳಿರಲಿಲ್ಲ.

ಈ ವಾರ ಬಂದ ಹಾಳೆಯ ಮಾತಿಗೆ ಬರುತ್ತೇನೆ. ಸಾವಿರದ ಒಂಬೈನೂರ ಎಂಬತ್ತನೆಯ ಇಸವಿ, ಫೆಬ್ರವರಿ ಹದಿನಾರು. ನಮ್ಮ ಭಾಗದಲ್ಲಿ ಹಾಡುಹಗಲೇ ಸೂರ್ಯ ಪೂರ್ತಿ ಮುಚ್ಚಿದ ದಿನ. ಅದನ್ನು ನೋಡಲು ಪರದೇಶಗಳಿಂದ ದೊಡ್ಡ ದೊಡ್ಡ ದುರ್ಬೀನು ಹೊತ್ತುಕೊಂಡು ಪಂಡಿತರು ಬಂದಿಳಿದರು, ನಮ್ಮ ಜನ ಮಾತ್ರ ಬಾಗಿಲು ಹಾಕಿಕೊಂಡು ಒಳಗೆ ಕೂತರು, ಪಟ್ಟಣಗಳ ಬೀದಿಯಲ್ಲಿ ನರಪಿಳ್ಳೆಯೂ ಇರಲಿಲ್ಲ, ಟೀವಿ ಇದ್ದ ಊರುಗಳಲ್ಲಿ ಮಂದಿ ಹೊರಗೆ ಬರದಿರಲಿ ಎಂದು ಸಿನಿಮಾ ಹಾಕಿದರು ಎಂದು ಬರೆದಿದ್ದೀಯ. ಓದಿ ಮೈ ಜುಮ್ಮೆಂದಿತು. ಜಗತ್ತೇ ಸಮುದ್ರ ದಾಟಿ ನಮ್ಮ ಅಂಗಳಕ್ಕೆ ಬಂದಾಗ ನಾವು ಅಗಳಿ ಹಾಕಿಕೊಂಡಿದ್ದೆವು.

ಆದರೆ ಹಾಳೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಮಾತು ಬರೆದಿದ್ದೀಯ. “ಅವ್ವಾ, ಆವತ್ತು ನೀನು ಹೊರಗೆ ಹೋಗಿದ್ದೆಯಂತೆ, ಏನು ನೋಡಿದೆ? ನೀನು ಬೇಡವೆಂದರೆ ನಿನ್ನ ಮಾತು ಬಿಟ್ಟು ಕಥೆ ಹೇಳುತ್ತೇನೆ, ಅದೂ ಬೇಡವೆಂದರೆ ಕಥೆಯನ್ನೇ ಹರಿದುಹಾಕುತ್ತೇನೆ, ಮಂದಿ ಮತ್ತೆ ನಿನ್ನನ್ನು ಆಡಿಕೊಳ್ಳುವುದು ನನಗೆ ಬೇಡ” ಎಂದು. ಓದಿದ ಕೂಡಲೇ ಸಿಟ್ಟು ಬಂತು. ಕೂತಲ್ಲೇ, ಹರಿದುಹಾಕು ಎಂದು ಒಂದೇ ಸಾಲು ಬರೆಯೋಣ ಎಂದು ಪೆನ್ನು ತೆಗೆದೆ. ಆಮೇಲೆ ಒಂದು ಸಂಗತಿ ಹೊಳೆದು ಕೈ ನಿಂತಿತು. ನಲವತ್ತಾರು ವರ್ಷದಲ್ಲಿ ಸಾವಿರ ಮಂದಿ ನನಗೆ ಯಾಕೆ ನೋಡಿದೆ ಎಂದು ಕೇಳಿದ್ದಾರೆ. ಏನು ನೋಡಿದೆ ಎಂದು ಕೇಳಿದವಳು ನೀನೊಬ್ಬಳೇ.

ಹೇಳುತ್ತೇನೆ, ಕೇಳು.

ಹೊಸರಿತ್ತಿಯ ಮನೆ. ನನಗೆ ಇಪ್ಪತ್ತು ವರ್ಷ, ನೀನು ಹೊಟ್ಟೆಯಲ್ಲಿ ಐದು ತಿಂಗಳು. ಗ್ರಹಣ ಹಿಡಿಯುವ ಮೊದಲೇ ನಿಮ್ಮಪ್ಪ ಕಿಟಕಿ ಮುಚ್ಚಿ, ಬೆಳಕಿಂಡಿಗೆ ಗೋಣಿಚೀಲ ಹೊದಿಸಿದ್ದರು. ನೀರಿನ ಕೊಡಕ್ಕೆ ತುಳಸಿ, ಅನ್ನದ ಬೋಗುಣಿಗೆ ಗರಿಕೆ ಹಾಕಿ ಆಗಿತ್ತು. ಬಸುರಿ ಹೆಂಗಸು ಕೈಕಾಲು ನೀಡಿ ಅಲುಗಾಡದೆ ಮಲಗಬೇಕು, ಏನನ್ನೂ ಕತ್ತರಿಸಬಾರದು ಎಂದು ನನ್ನನ್ನು ಮೂಲೆಯಲ್ಲಿ ಮಲಗಿಸಿದ್ದರು. ನಡುಮನೆಯಲ್ಲಿ ಹಿತ್ತಾಳೆ ಪರಾತದಲ್ಲಿ ನೀರು ಹಾಕಿ ಒನಕೆ ನಿಲ್ಲಿಸಿದ್ದರು. ಗ್ರಹಣ ಇರುವಷ್ಟು ಹೊತ್ತು ಒನಕೆ ತಾನಾಗಿ ನಿಲ್ಲುತ್ತದೆ, ಬಿಟ್ಟ ಕೂಡಲೇ ಬೀಳುತ್ತದೆ ಎಂಬ ನಂಬಿಕೆಯಲ್ಲವೇ. ಮನೆಮಂದಿಯೆಲ್ಲ ಸುತ್ತ ಕೂತು ಉಸಿರು ಬಿಗಿಹಿಡಿದು ಅದನ್ನೇ ನೋಡುತ್ತಿದ್ದರು. ಮೇಲೆ ಆಕಾಶದಲ್ಲಿ ಅಷ್ಟು ದೊಡ್ಡ ಕಾರ್ಯ ನಡೆದಿದೆ, ಇವರೆಲ್ಲ ಒನಕೆಗೆ ಕಣ್ಣು ಕೊಟ್ಟು ಕೂತಿದ್ದಾರೆ!

ನಾನು ಒನಕೆ ನೋಡಲಿಲ್ಲ. ಬೆಳಕಿಂಡಿಯ ಗೋಣಿಚೀಲದಲ್ಲಿ ಒಂದು ಸಣ್ಣ ತೂತು ಇತ್ತು. ಅದರಿಂದ ಇಳಿದ ಬಿಸಿಲು ನನ್ನ ಪಕ್ಕದ ಗೋಡೆಯ ಮೇಲೆ ದುಂಡಗೆ ಬಿದ್ದಿತ್ತು. ನೋಡುನೋಡುತ್ತ ಆ ದುಂಡು ಒಂದು ಕಡೆಯಿಂದ ಸವೆಯಿತು. ಮೊದಲು ಕಡಿದ ರೊಟ್ಟಿಯ ಹಾಗೆ, ಆಮೇಲೆ ಕುಡುಗೋಲಿನ ಹಾಗೆ, ಆಮೇಲೆ ಉಗುರಿನ ಹಾಗೆ. ಸೂರ್ಯನನ್ನೇ ಯಾರೋ ನಮ್ಮ ಗೋಡೆಗೆ ತಂದು ಅಂಟಿಸಿದ್ದರು. ಆ ಉಗುರೂ ಮಾಯವಾದಾಗ ನನ್ನಿಂದ ತಡೆಯಲಾಗಲಿಲ್ಲ. ಎದ್ದೆ, ಹಿತ್ತಲ ಬಾಗಿಲ ಅಗಳಿ ಸರಿಸಿದೆ, ಹೊರಗೆ ನಿಂತೆ.

ಮಗಳೇ, ಅದನ್ನು ಹೇಗೆ ಬರೆಯಲಿ. ಸೂರ್ಯನಿದ್ದ ಜಾಗದಲ್ಲಿ ಒಂದು ಕರಿಯ ಬಿಲ್ಲೆ. ಅದರ ಸುತ್ತ ಬೆಳ್ಳನೆಯ ಎಸಳುಗಳು, ಸೂರ್ಯಕಾಂತಿಯ ಹಳದಿಯನ್ನೆಲ್ಲ ತೊಳೆದು ಬಿಳಿ ಮಾಡಿದ ಹಾಗೆ. ಮೇಲೆ ಹಗಲಿನಲ್ಲಿಯೇ ಬೆಳ್ಳಿಚುಕ್ಕಿ. ಸಂಜೆಯ ಕೆಂಪು ಪಡುವಣದಲ್ಲಿ ಮಾತ್ರ ಇರುತ್ತದಲ್ಲ, ಆವತ್ತು ಸುತ್ತ ಎಂಟೂ ದಿಕ್ಕಿನ ಅಂಚಿನಲ್ಲಿ ಇತ್ತು. ಕಾಗೆಗಳು ಬೇವಿನ ಮರಕ್ಕೆ ಮರಳಿ ಸುಮ್ಮನಾಗಿದ್ದವು. ಊರಿಗೆ ಊರೇ ಇದ್ದೂ ಒಬ್ಬರೂ ಇರಲಿಲ್ಲ. ಅಷ್ಟು ದೊಡ್ಡ ಆಕಾಶದ ಕೆಳಗೆ ನಾನೊಬ್ಬಳೇ ನಿಂತಿದ್ದೆ. ಹೆದರಿಕೆ ಆಗಲಿಲ್ಲ. ನಾನು ಇಷ್ಟು ಸಣ್ಣವಳು ಎಂಬುದು ಗೊತ್ತಾಯಿತು, ಅದರಿಂದ ಖುಷಿಯೇ ಆಯಿತು. ಕೈ ತಾನಾಗಿ ಮುಗಿದುಕೊಂಡಿತು. ಅದೇ ಹೊತ್ತಿಗೆ ನೀನು ಹೊಟ್ಟೆಯೊಳಗೆ ಮಿಸುಕಾಡಿದೆ. ಅದೇ ಮೊದಲ ಸಲ. ನಾನು ನಡುಗಿದ್ದಕ್ಕೆ ನೀನು ಮಿಸುಕಿದೆಯೋ, ನೀನು ಮಿಸುಕಿದ್ದಕ್ಕೆ ನಾನು ನಡುಗಿದೆನೋ, ಇವತ್ತಿಗೂ ತಿಳಿಯದು.

ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು, ಅಷ್ಟೇ. ಬಿಲ್ಲೆಯ ಅಂಚಿನಲ್ಲಿ ಒಂದು ಕಿಡಿ ಹೊಳೆದದ್ದೇ ತಲೆ ತಗ್ಗಿಸಿ ಒಳಗೆ ಓಡಿದೆ. ಬಾಗಿಲು ಕಿರ್‌ ಎಂದಿತು. ನಿಮ್ಮಪ್ಪ ಬೆಚ್ಚಿ ತಿರುಗಿದರು, ಅವರ ಮೊಣಕಾಲು ಪರಾತಕ್ಕೆ ತಾಗಿತು, ಒನಕೆ ಧಡಲ್ಲನೆ ಬಿತ್ತು. ಗ್ರಹಣ ಬಿಡುವ ಮೊದಲೇ ಒನಕೆ ಬಿದ್ದ ಮನೆ ಎಂದು ಸಂಜೆಯೊಳಗೆ ಊರಿಗೆಲ್ಲ ಸುದ್ದಿಯಾಯಿತು.

ನಾಲ್ಕು ತಿಂಗಳಿಗೆ ನೀನು ಸೀಳಿದ ತುಟಿ, ಸೀಳಿದ ಅಂಗುಳ ಹೊತ್ತು ಹುಟ್ಟಿದೆ. ಮಂದಿಗೆ ಇನ್ನೇನು ಬೇಕು? ನೋಡಲು ಬಂದವರು ತೊಟ್ಟಿಲಲ್ಲಿ ಇಣುಕಿ, ಸೆರಗು ಬಾಯಿಗಿಟ್ಟುಕೊಂಡು, ಗ್ರಹಣ ನೋಡಿದ್ದಕ್ಕೇ ಹೀಗಾಯಿತು ಎಂದರು. ಆಗ ನನ್ನ ಪಾಲಿಗೆ ನಿಂತವಳು ನಿನ್ನ ಅಜ್ಜಿ ಫಕ್ಕೀರವ್ವ, ನನ್ನ ಅತ್ತೆ. ಬಾಗಿಲಲ್ಲಿ ಕೂತು, “ಕರು ಬಿಚ್ಚಿಕೊಂಡಿತ್ತು. ಕಟ್ಟಿ ಬಾ ಅಂತ ನಾನ ಅಕೀನ್ನ ಹೊರಗ ಕಳಿಸಿದ್ದೆ. ಏನರ ಅನ್ನೂದಿದ್ರ ನನಗ ಅನ್ರಿ” ಎಂದಳು. ಮಹೇಶ್ವರಿ, ಆಗ ನಮ್ಮ ಮನೆಯಲ್ಲಿ ಕರುವೇ ಇರಲಿಲ್ಲ. ಎಮ್ಮೆ ಇನ್ನೂ ಗಬ್ಬ ಕಟ್ಟಿರಲಿಲ್ಲ. ಓಣಿಗೆಲ್ಲ ಅದು ಗೊತ್ತು. ಆದರೆ ಫಕ್ಕೀರವ್ವನ ಮುಖ ನೋಡಿ ಇಲ್ಲದ ಕರುವನ್ನು ಇಲ್ಲ ಎನ್ನುವ ಧೈರ್ಯ ಯಾರಿಗೂ ಬರಲಿಲ್ಲ. ಅಂಥ ಸುಳ್ಳನ್ನು ದೇವರೂ ಪುಣ್ಯದ ಕಡೆಗೇ ಬರೆದುಕೊಂಡಿರುತ್ತಾನೆ.

ಹುಬ್ಬಳ್ಳಿಯ ದವಾಖಾನೆಯಲ್ಲಿ ನಿನ್ನ ತುಟಿ ಹೊಲಿದ ಡಾಕ್ಟರು, ತುಟಿ, ಅಂಗುಳ ಕೂಡಿಕೊಳ್ಳುವುದು ಎರಡು ಮೂರನೆಯ ತಿಂಗಳಿನಲ್ಲಿ, ಐದನೆಯ ತಿಂಗಳಲ್ಲಿ ಆದ ಗ್ರಹಣಕ್ಕೂ ಇದಕ್ಕೂ ಏನೂ ಸಂಬಂಧವಿಲ್ಲ ಎಂದು ಬಿಡಿಸಿ ಹೇಳಿದರು. ನಾನು ನಂಬಿದೆ. ಮಂದಿಯ ಬಾಯಿಗೆ ಹೊಲಿಗೆ ಹಾಕುವ ಡಾಕ್ಟರು ಮಾತ್ರ ಸಿಗಲಿಲ್ಲ. ಊರಿನವರ ಮುಂದೆ ತಪ್ಪಿತಸ್ಥೆಯ ಹಾಗೆ ತಲೆ ತಗ್ಗಿಸಿ ನಡೆದೆ, ನಡೆಯಬೇಕಿತ್ತು. ಒಳಗೆ ಮಾತ್ರ ಒಂದು ದಿನವೂ ಪಶ್ಚಾತ್ತಾಪ ಪಡಲಿಲ್ಲ. ರೊಟ್ಟಿ ಬಡಿಯುವಾಗ, ಕಳೆ ಕೀಳುವಾಗ, ಕಣ್ಣು ಮುಚ್ಚಿದರೆ ಆ ಬಿಳಿ ಎಸಳು ಕಾಣುತ್ತಿತ್ತು. ಹೇಳಿಕೊಳ್ಳಲು ಮಾತ್ರ ಜನವಿರಲಿಲ್ಲ. ಇಂಥದೊಂದನ್ನು ಕಂಡು ಯಾರಿಗೂ ಹೇಳದೆ ಇರುವುದು ಎಷ್ಟು ಕಷ್ಟ ಎಂಬುದು ನಿನ್ನಂಥ ಕಥೆ ಹೇಳುವವಳಿಗೆ ಗೊತ್ತಿರಬೇಕು.

ಆದ್ದರಿಂದ ಹರಿಯಬೇಡ. ನನ್ನ ಹೆಸರು, ಊರು, ಒನಕೆ, ಇಲ್ಲದ ಕರು, ಎಲ್ಲ ಹಾಕಿ ಹೇಳು. ಆಡಿಕೊಳ್ಳುವವರು ಆಡಿಕೊಳ್ಳಲಿ, ನನಗೆ ಹೇಗೂ ಕೇಳಿಸುವುದಿಲ್ಲ.

ಒಂದೇ ಕಟ್ಟಳೆ. ಈ ಕಥೆಯನ್ನು ನೀನೇ ಹೇಳಬೇಕು. ಎರಡು ವರ್ಷದಿಂದ ಬರೆಯುವವಳು ನೀನು, ಹೇಳುವವಳು ನಿಮ್ಮ ಓಣಿಯ ಚಮನಸಾಬರ ಮಗಳು ಸಾನಿಯಾ ಎಂಬುದು ನನಗೆ ಗೊತ್ತು. ಹುಡುಗಿ ಚಂದ ಓದುತ್ತಾಳಂತೆ, ಅವಳ ಬಾಯಿಗೆ ಸಕ್ಕರೆ ಬೀಳಲಿ. ಐದನೆಯ ಇಯತ್ತೆಯಲ್ಲಿ ನೀನು ಪದ್ಯ ಹೇಳಲು ಎದ್ದು ನಿಂತಾಗ ಹುಡುಗರು ಮೂಗು ಹಿಡಿದುಕೊಂಡು ನಿನ್ನ ಹಾಗೆ ಅಂದು ತೋರಿಸಿದ್ದು, ಅಂದಿನಿಂದ ನೀನು ನಾಲ್ಕು ಜನರ ಮುಂದೆ ಬಾಯಿ ತೆರೆಯುವುದನ್ನೇ ಬಿಟ್ಟದ್ದು, ನಾನು ಮರೆತಿಲ್ಲ. ಆದರೆ ಆ ಮಧ್ಯಾಹ್ನ ಹಿತ್ತಲಲ್ಲಿ ನಿಂತವರು ನಾವಿಬ್ಬರು. ಸಾನಿಯಾ ಅಲ್ಲಿರಲಿಲ್ಲ. ಕಂಡವರೇ ಹೇಳಬೇಕು, ಮೂಗಿನಿಂದ ಬಂದರೆ ಮೂಗಿನಿಂದಲೇ ಬರಲಿ. ಮೆಣಸಿನಕಾಯಿಯ ಈ ಹಂಗಾಮಿನಲ್ಲಿ ಬ್ಯಾಡಗಿಯ ಅರ್ಧ ಮಂದಿ ಮೂಗಿನಿಂದಲೇ ಮಾತಾಡುತ್ತಿದ್ದಾರೆ.

ಕಥೆ ಬಿಡಬೇಕಾದ ಹದಿನಾರನೆಯ ತಾರೀಕು ಹತ್ತಿರ ಬಂತು. ಹೆದರಿಕೆಯಾದರೆ ಒಂದು ಲೋಟ ನೀರು ಕುಡಿದು ಶುರು ಮಾಡು.

ನಿನ್ನ ಅವ್ವ,
ಗುಡ್ಡವ್ವ

ತಾಜಾಕಲಂ: ಹೇಳುವವಳು ನೀನಲ್ಲ ಎಂದು ನನಗೆ ಯಾರು ಚಾಡಿ ಹೇಳಿದರು ಎಂದು ಶಿಲ್ಪಾಳ ಮೇಲೆ ಹರಿಹಾಯಬೇಡ. ಯಾರೂ ಹೇಳಲಿಲ್ಲ. ಹೋದ ತಿಂಗಳು ಮಾಲತೇಶ ಒಂದು ಸ್ಪೀಕರ್ ಡಬ್ಬಿ ತಂದ. ಮಂದಿಯೆಲ್ಲ ನಿನ್ನ ಕಥೆ ಕೇಳುತ್ತ ಕೂತಿದ್ದರು, ನನಗೂ ಆಸೆಯಾಗಿ ಡಬ್ಬಿಯನ್ನು ಎದೆಗೆ ಒತ್ತಿಕೊಂಡೆ. ಅದು ನಡುಗಿತು. ಆದರೆ ನೀನು ಕೂಸಾಗಿದ್ದಾಗ ಇದೇ ಎದೆಯ ಮೇಲೆ ಕವುಚಿ ಮಲಗಿ ಅವ್ವಾ ಎಂದರೆ, ಆ ಸದ್ದು ನಿನ್ನ ಮೂಗಿನಿಂದ ಇಳಿದು ನನ್ನ ಎಲುಬಿನವರೆಗೂ ಗುಂಯ್‌ ಎನ್ನುತ್ತಿತ್ತು. ಡಬ್ಬಿಯಲ್ಲಿ ಅದು ಇರಲಿಲ್ಲ. ಯಾರ ಮಗಳೋ ಚಂದ ಮಾತಾಡುತ್ತಿದ್ದಾಳೆ ಎಂದುಕೊಂಡು ಸುಮ್ಮನೆ ಶಿಲ್ಪಾಳ ಕೈಗೆ ಕೊಟ್ಟೆ. ಸಾನಿಯಾ ಎಂಬ ಹೆಸರನ್ನು ಆಮೇಲೆ ನಾನೇ ಕೇಳಿ ತಿಳಿದುಕೊಂಡೆ. ಹದಿನಾರಕ್ಕೆ ಮತ್ತೆ ಡಬ್ಬಿ ಎದೆಗೆ ಒತ್ತಿಕೊಂಡು ಕೂತಿರುತ್ತೇನೆ. ನನಗೆ ಮೋಸ ಮಾಡಲು ನಿನ್ನಿಂದ ಆಗುವುದಿಲ್ಲ.